ನಾನು ಕಂಡ ಸಿನಿಮಾ ಇದಲ್ಲ!

ಓದುಗರ ಪ್ರಶ್ನೆ: ನನಗೀಗ 64 ವರ್ಷ. ಬ್ಯಾಂಕ್ ಕೆಲಸದಿಂದ ನಿವೃತ್ತನಾಗಿ ಶಿವಮೊಗ್ಗದಲ್ಲಿದ್ದೇನೆ. ರಜೆಗೆ ಬಂದಿದ್ದ ಮೊಮ್ಮಗಳು ‘ತಾತ, ನಿನಗೆ ತುಂಬಾ ಇಷ್ಟವಾದ ಹತ್ತು ಸಿನಿಮಾ ಯಾವುವು?’ ಎಂದು ಕೇಳಿದಳು. ಹುರುಪಿನಿಂದ ಪಟ್ಟಿ ಬರೆದೆ. ಬಂಗಾರದ ಮನುಷ್ಯ, ಕಸ್ತೂರಿ ನಿವಾಸ, ಗೆಜ್ಜೆಪೂಜೆ, ಶರಪಂಜರ, ನಾಗರಹಾವು, ಘಟಶ್ರಾದ್ಧ, ಪರಸಂಗದ ಗೆಂಡೆತಿಮ್ಮ, ಮಿಂಚಿನ ಓಟ, ಇನ್ನೆರಡು. ದಿನಕ್ಕೊಂದರಂತೆ ಅವಳಿಗೆ ತೋರಿಸಲು ಕುಳಿತರೆ ಬರೀ ನಿರಾಸೆ. ಎರಡು ಬಣ್ಣದ ಚಿತ್ರಗಳು ಕುಂಕುಮದ ನೀರಿನಲ್ಲಿ ಅದ್ದಿ ತೆಗೆದಂತಿದ್ದವು. ಒಂದರಲ್ಲಿ ಎಲ್ಲರ ಮುಖ ಅಗಲ, ಇನ್ನೊಂದರಲ್ಲಿ ನೆತ್ತಿಯೇ ಕಾಣುವುದಿಲ್ಲ. ಹಾಡುಗಳು ಶ್ರುತಿ ಏರಿಸಿ ಹಾಡಿದಂತೆ ಕೇಳುತ್ತವೆ. ಒಂದು ಚಿತ್ರವಂತೂ ಬೇಗ ಮುಗಿದೇ ಹೋಯಿತು. ಕಸ್ತೂರಿ ನಿವಾಸ ಬಣ್ಣದ ಚಿತ್ರವೆಂದು ನನ್ನ ಹೆಂಡತಿ, ಕಪ್ಪು ಬಿಳುಪೆಂದು ನಾನು; ಜಗಳವೇ ಆಯಿತು. ಪಟ್ಟಿಯ ಮತ್ತೊಂದು ಚಿತ್ರದಲ್ಲಿ ನಾಯಕಿ ಕೆರೆ ಏರಿಯ ಮೇಲೆ ಹಾಡುವ ಹಾಡನ್ನು ಹುಡುಗನಾಗಿದ್ದಾಗ ನಮ್ಮೂರಿನ ಟೆಂಟಿನಲ್ಲಿ ನೋಡಿದ್ದೇನೆ, ಈಗ ಯಾವ ಪ್ರತಿಯಲ್ಲೂ ಅದಿಲ್ಲ. ಮಗ ‘ನಿಮಗೆ ವಯಸ್ಸಾಯ್ತು ಅಪ್ಪ, ಬಿಡಿ’ ಅನ್ನುತ್ತಾನೆ. ನನ್ನ ನೆನಪು ಕೆಟ್ಟಿದೆಯೇ, ಸಿನಿಮಾ ಕೆಟ್ಟಿದೆಯೇ? ಪಟ್ಟಿಯನ್ನೇ ಬದಲಾಯಿಸಲೇ? ‘ಎಐನಿಂದ ಸರಿಪಡಿಸಿದ 4ಕೆ’ ಎಂಬ ಪ್ರತಿಗಳನ್ನು ನಂಬಬಹುದೇ? ಅಟ್ಟದ ಮೇಲೆ 80ರ ದಶಕದ ಏಳೆಂಟು ವಿಡಿಯೊ ಕ್ಯಾಸೆಟ್‌ಗಳೂ ಇವೆ, ಅವುಗಳಿಗೆ ಬೂಷ್ಟು ಹಿಡಿದಿದೆ. ಒಂದಾದರೂ ಒಳ್ಳೆಯ ಪ್ರತಿ ಸಿಕ್ಕಿದರೆ ಗಣೇಶನ ಹಬ್ಬಕ್ಕೆ ನಮ್ಮ ಬಡಾವಣೆಯಲ್ಲಿ ಪರದೆ ಕಟ್ಟಿ ತೋರಿಸುವ ಆಸೆಯಿದೆ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಕೇಳಿದ್ದು ಸಿನಿಮಾ ಪ್ರತಿಗಳ ಬಗ್ಗೆಯಾದರೂ ‘ನನ್ನ ನೆನಪನ್ನು ನಾನು ನಂಬಬಹುದೇ’ ಎಂಬುದೇ ನಿಮ್ಮನ್ನು ಹೆಚ್ಚು ಕೊರೆಯುತ್ತಿದೆ ಅನಿಸಿತು. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಆರು ದೂರುಗಳಲ್ಲಿ ನಾಲ್ಕು ಪೂರ್ತಿ ನಿಜ. ಐದನೆಯದರಲ್ಲಿ ಗೆಲುವು ನಿಮ್ಮದು, ಆದರೆ ನಿಮ್ಮ ಮನೆಯವರದೂ ತಪ್ಪಿಲ್ಲ. ಕೆರೆ ಏರಿಯ ಹಾಡಿನದು ಮಾತ್ರ ಇನ್ನೂ ಇತ್ಯರ್ಥವಾಗಬೇಕು, ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ನಾನು ಹದಿನೇಳನೆಯ ವಯಸ್ಸಿಗೆ ಟೂರಿಂಗ್ ಟಾಕೀಸೊಂದರ ಕ್ಯಾಬಿನ್‌ನಲ್ಲಿ ಸಹಾಯಕನಾಗಿ ಸೇರಿದವನು. ಆಮೇಲೆ ಮದರಾಸಿನ ಲ್ಯಾಬಿನಲ್ಲಿ, ಅಲ್ಲಿಂದ ಫಿಲ್ಮನ್ನು ಟಿವಿಗಾಗಿ ಟೇಪಿಗೆ ಇಳಿಸುವ ಟೆಲಿಸಿನಿ ವಿಭಾಗದಲ್ಲಿ ಕೆಲಸ ಮಾಡಿದೆ. ಈಗ ಹಳೆಯ ಪ್ರಿಂಟುಗಳನ್ನು ತಪಾಸಣೆ ಮಾಡುವುದೇ ವೃತ್ತಿ. ಇಷ್ಟು ವರ್ಷಗಳಲ್ಲಿ ಒಂದೇ ಚಿತ್ರದ ಎರಡು ಪ್ರಿಂಟು ಒಂದೇ ಥರ ಇದ್ದದ್ದನ್ನು ನಾನು ಕಂಡಿಲ್ಲ. ಪುಸ್ತಕವಾದರೆ ನಿಮ್ಮ ಮನೆಯಲ್ಲಿರುವ ಪ್ರತಿಯಲ್ಲೂ ನನ್ನ ಮನೆಯಲ್ಲಿರುವ ಪ್ರತಿಯಲ್ಲೂ ಅದೇ ಸಾಲುಗಳು ಇರುತ್ತವೆ. ಸಿನಿಮಾ ಹಾಗಲ್ಲ. ಊರಿಂದೂರಿಗೆ ತಿರುಗಿದ ಪ್ರತಿಯೊಂದು ಪ್ರಿಂಟಿಗೂ ಅದರದೇ ಒಂದು ಬದುಕು ಇರುತ್ತದೆ, ಅದರದೇ ಗಾಯಗಳಿರುತ್ತವೆ.

ನಿಮ್ಮೂರಿನ ಟೆಂಟಿಗೆ ಬಂದ ಪ್ರಿಂಟಿನ ಕಥೆಯನ್ನೇ ತೆಗೆದುಕೊಳ್ಳಿ. ಆ ಕಾಲದಲ್ಲಿ ಕನ್ನಡ ಚಿತ್ರಕ್ಕೆ ತೆಗೆಸುತ್ತಿದ್ದ ಪ್ರಿಂಟುಗಳೇ ಕಡಿಮೆ. ಮೊದಲು ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಊರುಗಳಲ್ಲಿ ಓಡಿ, ಆಮೇಲೆ ತಾಲ್ಲೂಕು ಕೇಂದ್ರಗಳಿಗೆ ಬಂದು, ಕಟ್ಟಕಡೆಗೆ ಟೆಂಟಿಗೆ ಬರುತ್ತಿತ್ತು. ಬಂಗಾರದ ಮನುಷ್ಯ 1972ರಲ್ಲಿ ಬಿಡುಗಡೆಯಾಗಿ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲೇ ಎರಡು ವರ್ಷ ಓಡಿತು. ಹಾಗೆ ಓಡುವ ಚಿತ್ರದ ಫಿಲ್ಮು ಪ್ರತಿ ಪ್ರದರ್ಶನದಲ್ಲೂ ಪ್ರೊಜೆಕ್ಟರಿನ ಹಲ್ಲುಗಳ ಮೇಲೆ, ಕಾರ್ಬನ್ ಕಡ್ಡಿಯ ಉರಿ ಬೆಳಕಿನ ಮುಂದೆ ಹಾದುಹೋಗಬೇಕು. ಗೀರು ಬೀಳುತ್ತದೆ. ‘ತೆರೆ ಮೇಲೆ ಮಳೆ ಬರ್ತಿದೆ’ ಎಂದು ನಾವೆಲ್ಲ ಹೇಳುತ್ತಿದ್ದೆವಲ್ಲ, ಆ ಗೀರುಗಳೇ. ಅಂಚಿನ ತೂತುಗಳು ಹರಿಯುತ್ತವೆ, ಫಿಲ್ಮು ತುಂಡಾಗುತ್ತದೆ. ಆಪರೇಟರ್ ಹರಿದ ಭಾಗವನ್ನು ಕತ್ತರಿಸಿ ಎರಡು ತುದಿ ಸೇರಿಸಿ ಅಂಟಿಸುತ್ತಾನೆ. ಒಂದು ಸೆಕೆಂಡಿಗೆ 24 ಚೌಕಟ್ಟು, ಅಂದರೆ 24 ಬಿಡಿ ಚಿತ್ರಗಳು. ಪ್ರತಿ ಅಂಟಿನಲ್ಲಿ ಎರಡೋ ಮೂರೋ ಹೋದರೆ ಯಾರಿಗೂ ತಿಳಿಯದು. ಆದರೆ ಅದೇ ಜಾಗ ಮತ್ತೆ ಮತ್ತೆ ಹರಿದರೆ ಒಂದು ಮಾತು ಹೋಗುತ್ತದೆ, ಆಮೇಲೆ ಆ ಮಾತಿಗೆ ಬಂದ ಉತ್ತರವೂ ಹೋಗುತ್ತದೆ. ರೀಲಿನ ಮೊದಲು ಮತ್ತು ಕೊನೆ ಹೆಚ್ಚು ಕೈಯಾಡುವ ಜಾಗ, ಅಲ್ಲೇ ನಷ್ಟವೂ ಹೆಚ್ಚು. ದೃಶ್ಯವೊಂದು ಅರ್ಧದಲ್ಲಿ ಧಡಕ್ಕನೆ ಹಾರಿದ್ದು ನಿಮಗೆ ನೆನಪಿದ್ದರೆ ಅದು ರೀಲು ಬದಲಾಗುವ ಜಾಗವಾಗಿರುವ ಸಂಭವವೇ ಜಾಸ್ತಿ.

ಇದು ತಾನಾಗಿ ಆಗುವ ನಷ್ಟ. ಬೇಕೆಂದೇ ಮಾಡಿದ್ದೂ ಉಂಟು. ಬಿಡುಗಡೆಯಾದ ವಾರದಲ್ಲಿ ‘ಎರಡನೇ ಅರ್ಧ ಎಳೆದಂತಿದೆ’ ಎಂಬ ಮಾತು ಬಂದರೆ ನಿರ್ಮಾಪಕರೇ ಒಂದು ಹಾಡನ್ನೋ ಹಾಸ್ಯದ ತುಣುಕನ್ನೋ ತೆಗೆಸುತ್ತಿದ್ದರು. ಟೆಂಟಿನಲ್ಲಿ ರಾತ್ರಿ ಎರಡು ಆಟ ಮುಗಿಯಬೇಕು. ಮೊದಲನೆಯದು ತಡವಾದರೆ ಎರಡನೆಯದರಲ್ಲಿ ಒಂದು ರೀಲನ್ನೇ ಹಾರಿಸಿಬಿಡುವುದು ನಾನು ಕೆಲಸ ಮಾಡಿದ ಕಡೆ ನಡೆಯುತ್ತಿತ್ತು. ನಾನೂ ಹಾರಿಸಿದ್ದೇನೆ, ಮಾಲೀಕರು ಹೇಳಿದಾಗ. ಆವತ್ತು ಎರಡನೇ ಆಟಕ್ಕೆ ಬಂದ ಜನ ಇಡೀ ಕಥೆ ನೋಡಿದೆವೆಂದೇ ಎದ್ದು ಹೋದರು. ಅವರಲ್ಲೊಬ್ಬರು ಈಗ ಒಳ್ಳೆಯ ಪ್ರತಿ ನೋಡಿದರೆ ‘ಈ ದೃಶ್ಯ ಇರಲೇ ಇಲ್ಲ, ಯಾರೋ ಸೇರಿಸಿದ್ದಾರೆ’ ಎನ್ನಬಹುದು. ಅವರ ನೆನಪಿನಲ್ಲಿ ತಪ್ಪಿಲ್ಲ.

ಈಗ ನಿಮ್ಮ ದೂರುಗಳಿಗೆ ಬರೋಣ.

ಕೆಂಪು ಬಣ್ಣದ್ದು ರಸಾಯನಶಾಸ್ತ್ರ. ಬಣ್ಣದ ಫಿಲ್ಮಿನಲ್ಲಿ ಹಳದಿ, ಮಜೆಂಟಾ, ಸಯಾನ್ ಎಂಬ ಮೂರು ಬಣ್ಣದ ಪದರಗಳಿರುತ್ತವೆ. ನಮ್ಮಲ್ಲಿ ಆಗ ಹೆಚ್ಚು ಬಳಕೆಯಲ್ಲಿದ್ದ ಈಸ್ಟ್‌ಮನ್ ಮಾದರಿಯ ಪ್ರಿಂಟುಗಳಲ್ಲಿ ನೀಲಿ ಹಸಿರಿನ ಸಯಾನ್ ಮೊದಲು ಮಾಸುತ್ತದೆ, ಡಬ್ಬಿಯ ಕತ್ತಲಲ್ಲಿದ್ದರೂ ಮಾಸುತ್ತದೆ. ಸೆಕೆ ಮತ್ತು ತೇವ ಅದನ್ನು ಬೇಗ ಕರಗಿಸುತ್ತವೆ. ನೀಲಿ ಹೋಗಿ ಹಸಿರು ಸೊರಗಿದಾಗ ಉಳಿಯುವುದು ಕುಂಕುಮದ ನೀರು. ಬೇಗ ಮಾಸದ ಪ್ರಿಂಟ್ ಫಿಲ್ಮು ಬಂದದ್ದೇ 1980ರ ದಶಕದ ಆರಂಭದಲ್ಲಿ. ಅದಕ್ಕೆ ಮೊದಲಿನ ಬಣ್ಣದ ಚಿತ್ರಗಳಿಗೆಲ್ಲ ಈ ಅಪಾಯ ಇದ್ದದ್ದೇ. ಕಪ್ಪು ಬಿಳುಪಿನ ಚಿತ್ರದಲ್ಲಿ ಬಿಂಬ ಕೂತಿರುವುದು ಬೆಳ್ಳಿಯ ಕಣಗಳಲ್ಲಿ, ಅವು ಹೀಗೆ ಮಾಸುವುದಿಲ್ಲ. ಅದಕ್ಕೇ ಎಷ್ಟೋ ಸಲ 60ರ ದಶಕದ ಕಪ್ಪು ಬಿಳುಪು ಚಿತ್ರ 70ರ ದಶಕದ ಬಣ್ಣದ ಚಿತ್ರಕ್ಕಿಂತ ಚೆನ್ನಾಗಿ ಕಾಣುತ್ತದೆ. ಆದರೆ ಆ ಬೆಳ್ಳಿಯೇ ಅವುಗಳಿಗೆ ಇನ್ನೊಂದು ಕಡೆಯಿಂದ ಮುಳುವಾಯಿತು. ಓಡಿ ಸವೆದ ಪ್ರಿಂಟುಗಳನ್ನು ತೊಳೆದು ಬೆಳ್ಳಿ ತೆಗೆದುಕೊಳ್ಳಲು ಗುಜರಿಗೆ ಹಾಕಿದರು. ಎಷ್ಟು ಚಿತ್ರಗಳು ಹೀಗೆ ಹೋದವೋ ನೆನೆದರೆ ಇಂದಿಗೂ ಸಂಕಟವಾಗುತ್ತದೆ. 1934ರ ಸತಿ ಸುಲೋಚನ, ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ, ಅದರ ಒಂದೂ ಪ್ರಿಂಟು ಉಳಿದಿಲ್ಲ.

ಪ್ರಿಂಟುಗಳಿಗೆಲ್ಲ ಮೂಲವಾದ ಬಣ್ಣದ ನೆಗೆಟಿವ್ ಚೆನ್ನಾಗಿದ್ದರೆ ಅದರಿಂದ ಮತ್ತೆ ಒಳ್ಳೆಯ ಪ್ರತಿ ತೆಗೆಯಬಹುದು. ಆದರೆ ನಮ್ಮ ಚಿತ್ರಗಳ ನೆಗೆಟಿವ್ ಹೆಚ್ಚಾಗಿ ಮದರಾಸಿನ ಲ್ಯಾಬುಗಳಲ್ಲೇ ಉಳಿದವು. ನಿರ್ಮಾಪಕರು ತೀರಿಕೊಂಡರು, ಬಾಕಿ ಹಣ ಕಟ್ಟುವವರಿಲ್ಲದಾಯಿತು, ಹಕ್ಕು ಕೈಬದಲಾಯಿತು, ಡಿಜಿಟಲ್ ಬಂದ ಮೇಲೆ ಲ್ಯಾಬುಗಳೇ ಮುಚ್ಚಿದವು. ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಫಿಲ್ಮಿಗೆ ಸೆಕೆ, ತೇವ ತಾಗಿದರೆ ಅದು ಒಳಗಿನಿಂದಲೇ ಹುಳಿಯಾಗತೊಡಗುತ್ತದೆ. ಡಬ್ಬಿಯ ಮುಚ್ಚಳ ತೆಗೆದರೆ ವಿನೆಗರ್ ವಾಸನೆ ಮೂಗಿಗೆ ಅಡರುತ್ತದೆ. ಆ ಹುಳಿಯೇ ಮತ್ತಷ್ಟು ಹುಳಿಯನ್ನು ಹುಟ್ಟಿಸುತ್ತದೆ, ಫಿಲ್ಮು ಕುಗ್ಗಿ ಮುರುಟುತ್ತದೆ. ಒಮ್ಮೆ ಶುರುವಾದದ್ದನ್ನು ತಣ್ಣಗಿನ, ಒಣ ಜಾಗದಲ್ಲಿಟ್ಟು ನಿಧಾನ ಮಾಡಬಹುದೇ ಹೊರತು ಹಿಂದಿನಂತೆ ಮಾಡಲಾಗದು.

ಅಗಲ ಮುಖ, ಕತ್ತರಿಸಿದ ನೆತ್ತಿ ಇವುಗಳಲ್ಲಿ ಒಂದು ನಿಮ್ಮ ಕೈಯಲ್ಲೇ ಸರಿಯಾಗುತ್ತದೆ. ಹಳೆಯ ಚಿತ್ರಗಳ ಚೌಕಟ್ಟಿನ ಅಗಲ-ಎತ್ತರದ ಅನುಪಾತ ಹೆಚ್ಚುಕಡಿಮೆ 4:3. ಈಗಿನ ಟಿವಿ 16:9. ಅಂಥ ಚಿತ್ರವನ್ನು ಟಿವಿ ತುಂಬುವಂತೆ ಎಳೆದರೆ ಎಲ್ಲರೂ ದಪ್ಪಗಾಗುತ್ತಾರೆ. ರಿಮೋಟಿನಲ್ಲಿ ಪಿಕ್ಚರ್ ಸೈಜ್ ಅಥವಾ ಆಸ್ಪೆಕ್ಟ್ ಎಂಬುದಕ್ಕೆ ಹೋಗಿ 4:3 ಆರಿಸಿ, ಮುಖಗಳು ತಮ್ಮ ಆಕಾರಕ್ಕೆ ಬರುತ್ತವೆ. ಎರಡೂ ಪಕ್ಕ ಕಪ್ಪು ಪಟ್ಟಿ ಬಂದರೆ ಬರಲಿ, ಆ ಜಾಗದಲ್ಲಿ ಚಿತ್ರ ಇರಲೇ ಇಲ್ಲ. ನೆತ್ತಿ ಹಾರಿಸಿದ ಪ್ರತಿಗೆ ಮಾತ್ರ ಮದ್ದಿಲ್ಲ. ಅಲ್ಲಿ ಟಿವಿ ತುಂಬಿಸಲೆಂದು ಪ್ರತಿ ಮಾಡಿದವರೇ ಮೇಲೆ ಕೆಳಗೆ ಕತ್ತರಿಸಿ ಚಿತ್ರದ ಕಾಲು ಭಾಗವನ್ನು ಎಸೆದಿದ್ದಾರೆ. ನಿಮ್ಮ ಪಟ್ಟಿಯ ಉಳಿದೆರಡರಲ್ಲಿ ಸಿನಿಮಾಸ್ಕೋಪ್, ಅಂದರೆ ಅಗಲ ತೆರೆಯ ಚಿತ್ರವೇನಾದರೂ ಇದ್ದರೆ (ಕನ್ನಡದಲ್ಲಿ ಅದು 1977ರ ಸೊಸೆ ತಂದ ಸೌಭಾಗ್ಯದಿಂದ ಶುರು) ಹಳೆಯ ಟಿವಿ ಪ್ರತಿಗಳಲ್ಲಿ ಅದಕ್ಕೆ ಇನ್ನೂ ದೊಡ್ಡ ಏಟು ಬಿದ್ದಿರುತ್ತದೆ. 2.35:1 ಅಗಲದ ಚಿತ್ರವನ್ನು 4:3ಕ್ಕೆ ಇಳಿಸಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಭಾಗ ಪಕ್ಕದಲ್ಲಿ ಹೋಗುತ್ತದೆ. ಇಬ್ಬರು ಮಾತಾಡುವ ದೃಶ್ಯದಲ್ಲಿ ಒಬ್ಬರ ಮೂಗು ಮಾತ್ರ ಕಂಡರೆ ಅದು ಟೆಲಿಸಿನಿ ಕೋಣೆಯಲ್ಲಿ ಆದ ಕೆಲಸ. ಆ ಕುರ್ಚಿಯಲ್ಲಿ ನಾನೂ ಕೂತಿದ್ದೆ. ಯಾರ ಮುಖ ಉಳಿಸಬೇಕು, ಯಾರದ್ದು ಬಿಡಬೇಕೆಂದು ದೃಶ್ಯ ಓಡುತ್ತಿದ್ದಂತೆಯೇ ತೀರ್ಮಾನಿಸಬೇಕಿತ್ತು. ಮಾತಾಡುತ್ತಿದ್ದವರನ್ನು ಉಳಿಸುತ್ತಿದ್ದೆ. ಕೇಳಿಸಿಕೊಳ್ಳುತ್ತಿದ್ದವರ ಮುಖದಲ್ಲೇ ನಿರ್ದೇಶಕರು ಕಥೆ ಇಟ್ಟಿದ್ದರೆ ಅದು ನಿಮ್ಮವರೆಗೆ ಬರಲೇ ಇಲ್ಲ.

ಹಾಡಿನ ಶ್ರುತಿಯನ್ನು ನೀವು ಗುರುತಿಸಿದ್ದು ನೋಡಿ ಬಹಳ ಖುಷಿಯಾಯಿತು. ನಿಮ್ಮ ಕಿವಿ ಚುರುಕಾಗಿದೆ. ಚಿತ್ರಮಂದಿರದಲ್ಲಿ ಸೆಕೆಂಡಿಗೆ 24 ಚೌಕಟ್ಟು, ನಮ್ಮ ಹಳೆಯ ಟಿವಿ ವ್ಯವಸ್ಥೆಯಲ್ಲಿ 25. ಫಿಲ್ಮನ್ನು ಟೇಪಿಗೆ ಇಳಿಸುವಾಗ ಸುಮ್ಮನೆ ನೂರಕ್ಕೆ ನಾಲ್ಕರಷ್ಟು ವೇಗವಾಗಿ ಓಡಿಸುತ್ತಿದ್ದರು. 160 ನಿಮಿಷದ ಚಿತ್ರ 153 ನಿಮಿಷ 36 ಸೆಕೆಂಡಿಗೆ ಮುಗಿಯುತ್ತದೆ, ಒಂದು ಚೌಕಟ್ಟೂ ಕತ್ತರಿಸದೆ. ಜೊತೆಗೆ ಶ್ರುತಿ ಏರುತ್ತದೆ. ಹಾರ್ಮೋನಿಯಂನಲ್ಲಿ ಒಂದು ಮನೆಯಿಂದ ಪಕ್ಕದ ಮನೆಗಿರುವ ಅಂತರದಲ್ಲಿ ಮುಕ್ಕಾಲಿಗೆ ಸ್ವಲ್ಪ ಕಡಿಮೆ. ಪಿ.ಬಿ. ಶ್ರೀನಿವಾಸ್ ಅವರ ದನಿಯ ಆ ಆಳ ರೇಡಿಯೊದಲ್ಲಿ ಕೇಳಿ ಬೆಳೆದವರಿಗೆ ಇಲ್ಲಿ ಏನೋ ತೆಳುವಾಗಿದೆ ಅನಿಸಿಯೇ ಅನಿಸುತ್ತದೆ. ಈಗಿನ ಕೆಲವು ಪ್ಲೇಯರ್‌ಗಳಲ್ಲಿ ವೇಗವನ್ನು 0.96ಕ್ಕೆ ಇಳಿಸಬಹುದು. ಶ್ರುತಿ ಕಾಪಾಡುವ ಆಯ್ಕೆ ಇದ್ದರೆ ಅದನ್ನು ಆಫ್ ಮಾಡಿ, ಆಗ ದನಿಯೂ ತನ್ನ ಜಾಗಕ್ಕೆ ಇಳಿಯುತ್ತದೆ. ನಾನು ಮನೆಯಲ್ಲಿ ಹಾಗೇ ನೋಡುತ್ತೇನೆ.

ಹಾಗಾದರೆ ಬೇಗ ಮುಗಿದ ಚಿತ್ರ ವೇಗದಿಂದ ಮುಗಿಯಿತೇ, ಕತ್ತರಿಯಿಂದ ಮುಗಿಯಿತೇ? ಇದನ್ನು ನೀವೇ ಪತ್ತೆ ಮಾಡಬಹುದು, ಬ್ಯಾಂಕಿನವರಿಗೆ ಲೆಕ್ಕ ಹೇಳಿಕೊಡಬೇಕೇ! ಚಿತ್ರದ ಮೊದಲಲ್ಲಿ ಬರುವ ಸೆನ್ಸಾರ್ ಪ್ರಮಾಣಪತ್ರದ ಮೇಲೆ ಚಿತ್ರವನ್ನು ನಿಲ್ಲಿಸಿ ಓದಿ. ಅದರಲ್ಲಿ ಚಿತ್ರದ ಉದ್ದ ಮೀಟರುಗಳಲ್ಲಿ ಇರುತ್ತದೆ, ತುಂಬಾ ಹಳೆಯದಾದರೆ ಅಡಿಗಳಲ್ಲಿ. ರೀಲುಗಳ ಸಂಖ್ಯೆಯೂ ಇರುತ್ತದೆ. 35 ಎಂಎಂ ಫಿಲ್ಮು ನಿಮಿಷಕ್ಕೆ 90 ಅಡಿ, ಅಂದರೆ ಸುಮಾರು 27.4 ಮೀಟರ್ ಓಡುತ್ತದೆ. ಪತ್ರದಲ್ಲಿ 4,400 ಮೀಟರ್ ಎಂದಿದ್ದರೆ ಚಿತ್ರ ಸುಮಾರು 160 ನಿಮಿಷದ್ದು. ನಿಮ್ಮ ಪ್ರತಿ 154 ನಿಮಿಷ ಇದ್ದರೆ ಏನೂ ಹೋಗಿಲ್ಲ, ವೇಗ ಮಾತ್ರ ಹೆಚ್ಚು. 140 ಇದ್ದರೆ ಹದಿನಾಲ್ಕು ನಿಮಿಷದ ಚಿತ್ರ ಎಲ್ಲೋ ಬಿದ್ದುಹೋಗಿದೆ. ಪ್ರಮಾಣಪತ್ರದ ಕೆಳಗೆ ಎಡಮೂಲೆಯಲ್ಲಿ ಸಣ್ಣ ತ್ರಿಕೋನವಿದ್ದರೆ ಸೆನ್ಸಾರಿನವರೇ ಕೆಲವು ಭಾಗ ತೆಗೆಸಿದ್ದಾರೆಂದು ಅರ್ಥ. ಒಂದು ಎಚ್ಚರಿಕೆ. ಪತ್ರದ ಮೇಲಿನ ವರ್ಷವನ್ನೂ ನೋಡಿ. ವಿಡಿಯೊಗಾಗಿಯೋ ಮರುಬಿಡುಗಡೆಗಾಗಿಯೋ ಆಮೇಲೆ ಪಡೆದ ಪ್ರಮಾಣಪತ್ರವಾದರೆ ಅದರಲ್ಲಿರುವುದು ಆ ಹೊಸ ಪ್ರತಿಯ ಉದ್ದ, ಮೂಲದ್ದಲ್ಲ.

ಡಿವಿಡಿಗೆ ಮೊದಲಿದ್ದ ವಿಸಿಡಿ ಡಿಸ್ಕುಗಳಿಂದ ಬಂದ ಪ್ರತಿಗಳಲ್ಲಿ ಕತ್ತರಿಯ ಸಂಭವ ಜಾಸ್ತಿ. ಒಂದು ವಿಸಿಡಿಯಲ್ಲಿ ಹಿಡಿಯುವುದು ಹೆಚ್ಚೆಂದರೆ 80 ನಿಮಿಷ. ಎರಡು ಡಿಸ್ಕಿನ ಪೆಟ್ಟಿಗೆಯಲ್ಲಿ 170 ನಿಮಿಷದ ಚಿತ್ರ ಹೇಗೆ ಕೂರಬೇಕು? ಮೂರನೇ ಡಿಸ್ಕಿನ ಖರ್ಚು ಬೇಡವೆಂದರೆ ಹಾಡು ಹೋಗುತ್ತದೆ, ಹಾಸ್ಯ ಹೋಗುತ್ತದೆ. ಆಮೇಲೆ ಯಾರೋ ಅದೇ ವಿಸಿಡಿಯನ್ನು ಕಂಪ್ಯೂಟರಿಗೆ ಹಾಕಿ ಹಂಚಿದ್ದನ್ನೇ ನಾವು ಇಂದು ಪೂರ್ಣ ಚಿತ್ರವೆಂದು ನೋಡುತ್ತಿರುತ್ತೇವೆ.

ಕಸ್ತೂರಿ ನಿವಾಸದ ಜಗಳಕ್ಕೆ ಬರುತ್ತೇನೆ. 1971ರಲ್ಲಿ ದೊರೆ-ಭಗವಾನ್ ನಿರ್ದೇಶನದಲ್ಲಿ ಬಂದ ಚಿತ್ರ ಕಪ್ಪು ಬಿಳುಪಿನದು. 2014ರಲ್ಲಿ ಅದಕ್ಕೆ ಕಂಪ್ಯೂಟರಿನಲ್ಲಿ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದರು. 1965ರ ಸತ್ಯ ಹರಿಶ್ಚಂದ್ರಕ್ಕೂ 2008ರಲ್ಲಿ ಹೀಗೇ ಬಣ್ಣ ಬಂತು. ನಿಮ್ಮ ಮನೆಯವರು ಆ ಬಣ್ಣದ ಪ್ರತಿಯನ್ನು ನೋಡಿದ್ದಿರಬೇಕು. ಹೊಸದಾಗಿ ನೋಡಿದ್ದು ಹಳೆಯದರ ಮೇಲೆ ಕೂತಿದೆ. ನೆನಪು ಕೆಲಸ ಮಾಡುವುದೇ ಹಾಗೆ, ಪ್ರತಿ ಸಲ ನೆನೆದಾಗಲೂ ಇದ್ದಬದ್ದದ್ದನ್ನು ಸೇರಿಸಿ ಮತ್ತೆ ಕಟ್ಟಿಕೊಳ್ಳುತ್ತದೆ. ನಿಮ್ಮಿಬ್ಬರಿಗೂ ಆದದ್ದರಲ್ಲಿ ಗಾಬರಿಯಾಗುವಂಥದ್ದು ನನಗೆ ಕಾಣಲಿಲ್ಲ. ದಿನನಿತ್ಯದ ಕೆಲಸ, ಹೋಗುವ ದಾರಿ, ಹಣಕಾಸು ಇವುಗಳಲ್ಲಿ ಮರೆವು ಕಂಡರೆ ವೈದ್ಯರನ್ನು ನೋಡಬೇಕು. ಐವತ್ತು ವರ್ಷದ ಹಿಂದಿನ ಸಿನಿಮಾದ ಒಂದು ದೃಶ್ಯ ಹೊಂದಲಿಲ್ಲವೆಂದು ಯಾರೂ ನಿಮ್ಮನ್ನು ಮರೆಗುಳಿ ಅನ್ನಬಾರದು. ಮಗನಿಗೆ ಈ ಉತ್ತರ ಓದಲು ಕೊಡಿ.

ಬಣ್ಣ ತುಂಬಿದ ಪ್ರತಿಗಳ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಮೊಮ್ಮಗಳಿಗೆ ಕಪ್ಪು ಬಿಳುಪನ್ನೇ ತೋರಿಸಿ. ಛಾಯಾಗ್ರಾಹಕರು ಬೆಳಕನ್ನು ಇಟ್ಟದ್ದು ಬೂದು ಬಣ್ಣದ ನೂರು ಛಾಯೆಗಳಿಗಾಗಿ, ಸೀರೆಯ ಬಣ್ಣಕ್ಕಲ್ಲ. ಆದರೆ ಬಣ್ಣ ಬಂದದ್ದರಿಂದಲೇ ಆ ಚಿತ್ರ ಮತ್ತೆ ಥಿಯೇಟರ್ ಕಂಡಿತು, ಹೊಸ ಪೀಳಿಗೆ ನೋಡಿತು ಎಂಬುದನ್ನೂ ಒಪ್ಪುತ್ತೇನೆ.

‘ಎಐ 4ಕೆ’ ವಿಷಯದಲ್ಲಿ ನಾನು ಅಷ್ಟು ಉದಾರಿಯಲ್ಲ. ವಿಸಿಡಿಯಲ್ಲಿರುವುದು 352×288 ಬಿಂದುಗಳು. 4ಕೆ ಅಂದರೆ 3840×2160. ನಡುವಿನದೆಲ್ಲ ಎಲ್ಲಿಂದ ಬರಬೇಕು? ಯಂತ್ರ ಊಹಿಸಿ ತುಂಬುತ್ತದೆ. ಚರ್ಮ ಮೇಣದಂತೆ ನುಣುಪಾಗುತ್ತದೆ, ದೂರದಲ್ಲಿ ನಿಂತವರ ಮುಖ ಬೇರೆ ಯಾರದೋ ಆಗುತ್ತದೆ, ಫಿಲ್ಮಿನ ಕಣ ಅಳಿಸುವಾಗ ಮಳೆಹನಿಯೂ ಅಳಿಸಿಹೋಗುತ್ತದೆ. ಕಲ್ಪನಾ ಅವರ ಕಣ್ಣಿನ ಅಂಚಿನಲ್ಲಿ ಆ ಕ್ಷಣ ಏನಿತ್ತೆಂಬುದು ಫಿಲ್ಮಿನಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಯಂತ್ರಕ್ಕೆ ಗೊತ್ತಿರುವುದಿಲ್ಲ. ಅಂಥ ಪ್ರತಿಗಿಂತ ಮಂಕಾದ ಹಳೆಯ ಡಿವಿಡಿಯೇ ನನಗೆ ವಾಸಿ. ಟಿವಿಯೊಳಗೂ ಇದರ ತಮ್ಮನೊಬ್ಬ ಕೂತಿರುತ್ತಾನೆ. ಚಲನೆಯನ್ನು ನಯಗೊಳಿಸುವ ಸೆಟ್ಟಿಂಗ್ ಅದು, ಸಿನಿಮಾವನ್ನು ಧಾರಾವಾಹಿಯಂತೆ ಕಾಣಿಸುತ್ತದೆ. ಅದನ್ನೂ ಆಫ್ ಮಾಡಿಡಿ.

ನಿಜವಾದ ಪುನರುಜ್ಜೀವನ ಬೇರೆಯೇ ಕೆಲಸ. ಉಳಿದವುಗಳಲ್ಲಿ ಅತ್ಯುತ್ತಮವಾದ ಫಿಲ್ಮನ್ನು ಹುಡುಕಿ, ತೊಳೆದು, ಹರಿದ ಅಂಚುಗಳನ್ನು ಕೈಯಲ್ಲಿ ದುರಸ್ತಿ ಮಾಡಿ, ಚೌಕಟ್ಟು ಚೌಕಟ್ಟಾಗಿ ಸ್ಕ್ಯಾನ್ ಮಾಡಿ, ಸಾಧ್ಯವಿದ್ದರೆ ನಿರ್ದೇಶಕರನ್ನೋ ಛಾಯಾಗ್ರಾಹಕರನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಬೆಳಕು ಹೊಂದಿಸಬೇಕು. ತಿಂಗಳುಗಟ್ಟಲೆ ಹಿಡಿಯುತ್ತದೆ, ಹಣವೂ ಬಹಳ ಬೇಕು. ನಿಮ್ಮ ಪಟ್ಟಿಯಲ್ಲಿ ಈ ಭಾಗ್ಯ ಪಡೆದದ್ದು ಘಟಶ್ರಾದ್ಧ. ಗಿರೀಶ ಕಾಸರವಳ್ಳಿಯವರ 1977ರ ಈ ಕಪ್ಪು ಬಿಳುಪು ಚಿತ್ರವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ವಿದೇಶದ ಫಿಲ್ಮ್ ಫೌಂಡೇಶನ್‌ನ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಪುನರುಜ್ಜೀವನಗೊಳಿಸಿದವು. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಹೊಸ ಪ್ರತಿ ತೋರಿಸಲಾಯಿತು. ಎಸ್. ರಾಮಚಂದ್ರ ಅವರ ಛಾಯಾಗ್ರಹಣವನ್ನು ಮಸುಕು ಪ್ರತಿಗಳಲ್ಲಿ ಮಾತ್ರ ಕಂಡವರು ಆ ಪ್ರತಿ ನಿಮ್ಮ ಹತ್ತಿರದ ಊರಿನ ಚಿತ್ರೋತ್ಸವಕ್ಕೆ ಬಂದರೆ ಬಸ್ಸು ಹತ್ತಿ ಹೋಗಿ ನೋಡಬೇಕು. ಮೊಮ್ಮಗಳಿಗೆ ಈ ಒಂದನ್ನು ಮನೆಯಲ್ಲಿ ತೋರಿಸಬೇಡಿ, ಕಾಯಿರಿ.

ಉಳಿದವುಗಳಿಗೆ ನಾನು ಪ್ರತಿ ಹುಡುಕುವ ಕ್ರಮ ಹೀಗೆ. ನಿರ್ಮಾಪಕರು ಅಥವಾ ಹಕ್ಕುದಾರರೇ ಅಧಿಕೃತವಾಗಿ ಹಾಕಿರುವ ಪ್ರತಿ ಮೊದಲು. ಮರುಬಿಡುಗಡೆಯಾದ ಚಿತ್ರಗಳಿಗೆ ಡಿಜಿಟಲ್ ಪ್ರತಿ ಇರುತ್ತದೆ, ನಾಗರಹಾವು 2018ರಲ್ಲಿ ಹೀಗೆ ಮತ್ತೆ ತೆರೆಗೆ ಬಂದಿತ್ತು. ಇಂಥವುಗಳಲ್ಲಿ ಹೊಸಕಾಲಕ್ಕೆಂದು ಧ್ವನಿಯನ್ನೋ ಚೌಕಟ್ಟನ್ನೋ ಬದಲಿಸಿರುವ ಸಾಧ್ಯತೆ ಇರುತ್ತದೆ, ಅದಷ್ಟನ್ನು ಗಮನದಲ್ಲಿಡಿ. ಆಮೇಲೆ ಹಳೆಯ ಡಿವಿಡಿ, ಅದರಲ್ಲಿ 720×576 ಬಿಂದುಗಳಿರುವುದರಿಂದ ವಿಸಿಡಿಗಿಂತ ಎಷ್ಟೋ ಮೇಲು. ವಿಸಿಡಿ ಕೊನೆಗೆ. ಒಂದೇ ಚಿತ್ರದ ಎರಡು ಪ್ರತಿ ಸಿಕ್ಕರೆ ಎರಡರ ಅವಧಿಯನ್ನೂ ಬರೆದುಕೊಳ್ಳಿ. ಬಣ್ಣ ಚೆನ್ನಾಗಿರುವುದು ಕುಂಟುತ್ತಿರಬಹುದು, ಮಂಕಾದದ್ದು ಪೂರ್ತಿ ಇರಬಹುದು. ನಾನು ಪೂರ್ತಿ ಇರುವುದನ್ನೇ ಆರಿಸುತ್ತೇನೆ.

ಕ್ಯಾಸೆಟ್‌ಗಳ ವಿಷಯದಲ್ಲಿ ಗಡಿಬಿಡಿ ಬೇಡ, ತಡವೂ ಬೇಡ. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ದಯವಿಟ್ಟು ವಿಸಿಆರ್‌ಗೆ ಹಾಕಬೇಡಿ. ಬೂಷ್ಟು ಹೆಡ್ಡಿಗೆ ಮೆತ್ತಿಕೊಂಡು ಮುಂದಿನ ಕ್ಯಾಸೆಟ್‌ಗೂ ಹರಡುತ್ತದೆ, ಟೇಪು ಅಂಟಿಕೊಂಡಿದ್ದರೆ ಹರಿದೇ ಹೋಗುತ್ತದೆ. ಬೇರೆ ವಸ್ತುಗಳಿಂದ ದೂರವಿಟ್ಟು, ಮಲೆನಾಡಿನ ಮಳೆಗಾಲ ಶುರುವಾಗುವ ಮೊದಲೇ ಒಣ ಜಾಗಕ್ಕೆ ಸಾಗಿಸಿ. ಬಿಸಿಲಿಗಿಡಬೇಡಿ. ಟೇಪು ಶುಚಿ ಮಾಡಿ ಕಂಪ್ಯೂಟರಿಗೆ ಇಳಿಸಿಕೊಡುವವರು ದೊಡ್ಡ ಊರುಗಳಲ್ಲಿ ಇದ್ದಾರೆ. ಕೊಡುವ ಮೊದಲು ‘ಬೂಷ್ಟು ತೆಗೆಯುತ್ತೀರಾ, ಹೇಗೆ’ ಎಂದು ಕೇಳಿ. ನೇರವಾಗಿ ಹಾಕಿ ಓಡಿಸುತ್ತೇವೆ ಅಂದರೆ ವಾಪಸು ಬನ್ನಿ. ಮೊದಲು ಒಂದೇ ಕ್ಯಾಸೆಟ್ ಕೊಟ್ಟು ನೋಡಿ. ಇದರ ಚಿತ್ರ ಡಿವಿಡಿಗಿಂತ ಮಸುಕೇ. ಆದರೂ ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. 80ರ ದಶಕದಲ್ಲಿ ಕ್ಯಾಸೆಟ್ ಮಾಡಿದವರು ಆಗಿದ್ದ ಪ್ರಿಂಟಿನಿಂದ ಮಾಡಿದ್ದು. ಆಮೇಲೆ ಕಳೆದುಹೋದ ಹಾಡೋ ದೃಶ್ಯವೋ ಅದರಲ್ಲಿ ಉಳಿದಿರುವ ಸಾಧ್ಯತೆ ಖಂಡಿತ ಇದೆ.

ಗಣೇಶನ ಹಬ್ಬದ ಪ್ರದರ್ಶನಕ್ಕೆ ಹಕ್ಕುದಾರರ ಲಿಖಿತ ಅನುಮತಿ ಬೇಕು, ಟಿಕೆಟ್ ಇಡದಿದ್ದರೂ. ಮನೆಮಂದಿ ಕೂತು ನೋಡುವುದು ಬೇರೆ, ಬಡಾವಣೆಗೆ ಪರದೆ ಕಟ್ಟುವುದು ಬೇರೆ. ನಮ್ಮಲ್ಲಿ ಸಿನಿಮಾದ ಹಕ್ಕುಸ್ವಾಮ್ಯ ಬಿಡುಗಡೆಯಾದ ವರ್ಷ ಮುಗಿದ ಮೇಲೆ 60 ವರ್ಷ. ಬಂಗಾರದ ಮನುಷ್ಯದ್ದು 2032ರ ಕೊನೆಯವರೆಗೂ ಇರುತ್ತದೆ. ಕೇಳಿದರೆ ಸಂತೋಷದಿಂದ ಒಪ್ಪಿಗೆ ಕೊಟ್ಟ ನಿರ್ಮಾಪಕರ ಕುಟುಂಬಗಳನ್ನು ನಾನು ನೋಡಿದ್ದೇನೆ.

ಪಟ್ಟಿ ಬದಲಿಸಲೇ ಎಂದಿರಿ. ಬೇಡ. ‘ಸಾರ್ವಕಾಲಿಕ’ ಎಂಬ ಪದ ಜನರನ್ನು ಹೆದರಿಸುತ್ತದೆ, ಅದೇನೋ ಶಿಲಾಶಾಸನ ಎಂಬಂತೆ. ಬ್ರಿಟನ್ನಿನ ಸೈಟ್ ಅಂಡ್ ಸೌಂಡ್ ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರನ್ನು ಕೇಳಿ ಪಟ್ಟಿ ಮಾಡುತ್ತದೆ. ಅದರಲ್ಲೇ ಈವರೆಗೆ ನಾಲ್ಕು ಬೇರೆ ಬೇರೆ ಚಿತ್ರಗಳು ಮೊದಲ ಸ್ಥಾನಕ್ಕೆ ಬಂದಿವೆ. ನಿಮ್ಮ ಪಟ್ಟಿ ನೀವು ಕೂತ ಟೆಂಟಿನ ಮರಳಿನಿಂದ, ಜೊತೆಗಿದ್ದವರಿಂದ, ಆ ವಯಸ್ಸಿನಿಂದ ಆದದ್ದು. ಹದಿಹರೆಯದಿಂದ ಇಪ್ಪತ್ತೈದರವರೆಗೆ ಕಂಡದ್ದು ಕೇಳಿದ್ದು ಮನುಷ್ಯರಿಗೆ ಉಳಿದ ವಯಸ್ಸಿನದಕ್ಕಿಂತ ಗಾಢವಾಗಿ ಉಳಿಯುತ್ತದೆ. ಮೊಮ್ಮಗಳು ಕೇಳಿದ್ದೂ ನಿಮಗೆ ಇಷ್ಟವಾದದ್ದನ್ನೇ ಅಲ್ಲವೇ. ಅವಳಿಗೆ ಚಿತ್ರದ ಜೊತೆ ‘ನಾನು ನೋಡಿದ ಪ್ರಿಂಟಿನಲ್ಲಿ ಇಲ್ಲಿ ಹೀಗಿತ್ತು’ ಎಂದೂ ಹೇಳಿ. ಕೆಂಪಗಾದ ಗದ್ದೆ ಕಂಡಾಗ ಅದರ ಹಸಿರನ್ನು ನೀವು ಬಾಯಲ್ಲಿ ಹೇಳಬಲ್ಲಿರಿ, ಇನ್ನು ಕೆಲವು ವರ್ಷಗಳಾದರೆ ಅದನ್ನು ಹೇಳುವವರೂ ಇರುವುದಿಲ್ಲ.

ಇನ್ನು ಕೆರೆ ಏರಿಯ ಹಾಡು. ಚಿತ್ರದ ಹೆಸರನ್ನು ಇಲ್ಲಿ ಬಿಟ್ಟಿದ್ದೇನೆ, ಖಚಿತವಾಗದೆ ಹೇಳಿದರೆ ಮತ್ತಷ್ಟು ಗೊಂದಲವಾಗುತ್ತದೆ. ಎರಡು ಸಾಧ್ಯತೆ ನನಗೆ ಕಾಣುತ್ತವೆ. ಒಂದು, ಹಾಡು ಚಿತ್ರದಲ್ಲಿತ್ತು, ಟೆಂಟಿಗೆ ಬಂದ ಪ್ರಿಂಟಿನಲ್ಲೂ ಇತ್ತು, ಈಗ ಹರಿದಾಡುತ್ತಿರುವ ಪ್ರತಿ ಹಾಡು ಕಳೆದುಕೊಂಡ ಪ್ರಿಂಟಿನಿಂದ ಬಂದದ್ದು. ಇನ್ನೊಂದು, ಹಾಡನ್ನು ನೀವು ರೇಡಿಯೊದಲ್ಲಿ ಕೇಳಿದ್ದು. ಗ್ರಾಮಫೋನ್ ತಟ್ಟೆಯಲ್ಲಿದ್ದು ಚಿತ್ರದಿಂದ ಕಳಚಿಕೊಂಡ ಹಾಡುಗಳು ಹಲವಿವೆ. ನಿಮ್ಮೂರಿನ ಕೆರೆ ಏರಿಯನ್ನು ಅದಕ್ಕೆ ನಿಮ್ಮ ಮನಸ್ಸೇ ಕೊಟ್ಟಿರಬಹುದು. ಕೆರೆಯಲ್ಲಿ ನೀರಿತ್ತೇ, ಅವಳ ಜೊತೆ ಇನ್ನಾರಾದರೂ ಇದ್ದರೇ, ಹಾಡು ಮುಗಿದ ಕೂಡಲೇ ಏನಾಯಿತು ಎಂದು ಕಣ್ಣು ಮುಚ್ಚಿ ನೆನೆದು ಬರೆಯಿರಿ. ರೇಡಿಯೊದಿಂದ ಹುಟ್ಟಿದ ದೃಶ್ಯಕ್ಕೆ ಸಾಮಾನ್ಯವಾಗಿ ಹಿಂದುಮುಂದು ಇರುವುದಿಲ್ಲ.

ಇತ್ಯರ್ಥಕ್ಕೆ ನೆರವಾಗುವ ಒಂದು ಸಾಕ್ಷಿ ಇದೆ. ಟೆಂಟಿನ ಬಾಗಿಲಲ್ಲಿ ಚಿಲ್ಲರೆ ಕಾಸಿಗೆ ಮಾರುತ್ತಿದ್ದ ಹಾಡಿನ ಪುಸ್ತಕ ನೆನಪಿದೆಯೇ? ಕಥಾ ಸಾರಾಂಶ ಅರ್ಧಕ್ಕೆ ನಿಂತು ‘ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ’ ಎನ್ನುತ್ತಿತ್ತಲ್ಲ, ಅದು. ಬಿಡುಗಡೆಗೆ ಮೊದಲೇ ಅಚ್ಚಾಗುತ್ತಿದ್ದರಿಂದ ಅದರಲ್ಲಿ ಆಮೇಲೆ ಕತ್ತರಿಸಿದ ಹಾಡುಗಳೂ ಉಳಿದುಕೊಂಡಿವೆ. ಬೆಂಗಳೂರಿನ ಹಳೆಯ ಪುಸ್ತಕದ ಅಂಗಡಿಗಳಲ್ಲಿ, ಸಂಗ್ರಾಹಕರ ಬಳಿ ಈಗಲೂ ಸಿಗುತ್ತವೆ, ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲೂ ಹಾಡಿನ ಪುಸ್ತಕಗಳ ಸಂಗ್ರಹವಿದೆ. ನಿಮ್ಮ ಅಟ್ಟದ ಕ್ಯಾಸೆಟ್‌ಗಳ ಮೇಲಿನ ಚೀಟಿಗಳನ್ನೂ ಒಮ್ಮೆ ಓದಿ ನೋಡಿ. ಆ ಏಳೆಂಟರಲ್ಲಿ ಈ ಚಿತ್ರವಿದ್ದರೆ ಶುಚಿ ಮಾಡಲು ಮೊದಲು ಕೊಡಬೇಕಾದದ್ದು ಅದನ್ನೇ. ಹಾಡು ಸಿಕ್ಕರೆ ದಯವಿಟ್ಟು ನನಗೂ ಬರೆಯಿರಿ. ನನ್ನ ತಪಾಸಣೆಯ ಪುಸ್ತಕದಲ್ಲಿ ಆ ಚಿತ್ರದ ಎದುರು ‘ಆರನೇ ರೀಲು ಚಿಕ್ಕದಿದೆ’ ಎಂದು ಬರೆದಿಟ್ಟು ಬಹಳ ವರ್ಷಗಳಾದವು.